ಬಿಟ್ಟ ಬಾಲುಗಳ ಲೆಕ್ಕ

“ಆ ಸಾಲು ಓದಬೇಡಿ ಸಮರ್ಥ, ಅದು ಶುದ್ಧ ಸುಳ್ಳು!”

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ಟ್ರೇ ಹಿಡಿದು ನಿಂತಿದ್ದ ಪ್ರತೀಕ್ಷಾ ಅದೆಷ್ಟು ಜೋರಾಗಿ ಕೂಗಿದಳೆಂದರೆ, ಶವಪೆಟ್ಟಿಗೆಯ ತಲೆದೆಸೆಯಲ್ಲಿ ಕೂತು ಮಂತ್ರ ಹೇಳುತ್ತಿದ್ದ ಭಾರ್ಗವಾಚಾರ್ಯರು ತಟ್ಟನೆ ನಿಲ್ಲಿಸಿ ಕತ್ತೆತ್ತಿದರು. ಹ್ಯಾರೋದ ಆ ಮನೆಯ ಮುಂದಿನ ಕೋಣೆಯಲ್ಲಿ ಹದಿನೈದು ಜನ ಒತ್ತಿಕೊಂಡು ನಿಂತಿದ್ದರು. ಸೋಫಾವನ್ನು ಹಿತ್ತಲಿಗೆ ಸಾಗಿಸಿ ಮಾಡಿದ ಜಾಗದಲ್ಲಿ ಆನಂದತೀರ್ಥರು ಮಲಗಿದ್ದರು. ರೇಷ್ಮೆ ಪಂಚೆ, ಹಣೆಯಲ್ಲಿ ಗೋಪಿಚಂದನ, ಮುಖದಲ್ಲಿ ಎಂದಿನಂತೆ ಯಾರ ತಂಟೆಗೂ ಹೋಗದ ಕಳೆ. ತೀರಿಕೊಂಡು ಒಂಬತ್ತು ದಿನವಾಗಿತ್ತು. ಇಂಗ್ಲಿಷರ ಈ ಊರಿನಲ್ಲಿ ಸತ್ತವರೂ ಸುಡಲು ಗೊತ್ತುಮಾಡಿದ ಸ್ಲಾಟಿಗೆ ಕಾಯಬೇಕು. ಅವರಿಗೆ ಸಿಕ್ಕಿದ್ದು ಇವತ್ತು ಮಧ್ಯಾಹ್ನ ಎರಡು ಗಂಟೆಯ ಸ್ಲಾಟು. ಶವದ ಕಾರು ಒಂದೂಕಾಲಿಗೆ ಬಾಗಿಲಿಗೆ ಬರುವುದಿತ್ತು. ಈಗ ಹನ್ನೆರಡೂವರೆ.

ಅವರ ಹೆಂಡತಿ ವೈದೇಹಿ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕ್ರಿಮೆಟೋರಿಯಂನಲ್ಲಿ ಮಾತಾಡಬೇಕಾದ ಮಗ ಸಮರ್ಥ, ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಮೂರು ನಿಮಿಷದ ಭಾಷಣವನ್ನು ಅಮ್ಮನ ಕಿವಿಯ ಹತ್ತಿರ ಬಗ್ಗಿ ತನಗೆ ಬಂದ ಕನ್ನಡದಲ್ಲಿ ಹೇಳುತ್ತಿದ್ದ. ಧಾರವಾಡ, ಕಾಲೇಜು, ಮೂವತ್ತಮೂರು ವರ್ಷ ಆಸ್ಪತ್ರೆಯ ಎಕ್ಸ್‌ರೇ ವಿಭಾಗ, ಎಲ್ಲ ಮುಗಿದು ಬೇಸ್‌ಬಾಲಿಗೆ ಬಂದಿತ್ತು. “ಅಪ್ಪ ಅಷ್ಟೇನೂ ಒಳ್ಳೆ ಪ್ಲೇಯರ್ ಆಗಿರಲಿಲ್ಲ, ಆದ್ರೆ ಇಪ್ಪತ್ತೆರಡು ವರ್ಷ ಒಂದು ಭಾನುವಾರಾನೂ ತಪ್ಪಿಸಲಿಲ್ಲ” ಎಂಬಲ್ಲಿಗೆ ಈ ಹುಡುಗಿ ಬಾಯಿ ಹಾಕಿದ್ದಳು.

“ಇಟ್ಸ್ ಜಸ್ಟ್ ಎ ಲೈನ್, ಪ್ರತೀಕ್ಷಾ” ಎಂದ ಸಮರ್ಥ.

“ಯಾವುದು ಸುಳ್ಳು? ತಪ್ಪಿಸಲಿಲ್ಲ ಅನ್ನೋದಾ?” ಎಂದರು ವೈದೇಹಿ.

“ಅದಲ್ಲ ಆಂಟಿ. ಒಳ್ಳೆ ಪ್ಲೇಯರ್ ಅಲ್ಲ ಅನ್ನೋದು. ಗ್ರೀನ್‌ಫರ್ಡ್ ಹೆರನ್ಸ್ ತಂಡದಲ್ಲಿ ಅಂಕಲ್‌ಗಿಂತ ಒಳ್ಳೆ ಬ್ಯಾಟರ್ ಇರಲೇ ಇಲ್ಲ. ನಾನು ಲೆಕ್ಕ ಹಾಕಿದೀನಿ.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು ತಡೆದ ಸದ್ದು ಎಂದು ವೈದೇಹಿಗೆ ತಿಳಿಯಿತು. ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ ಡಾಕ್ಟರ್ ಶೇಷಾದ್ರಿಯವರದು ಆ ಕೆಮ್ಮು. ಎಪ್ಪತ್ತನಾಲ್ಕು ವರ್ಷದ ನಿವೃತ್ತ ಜಿಪಿ, ಬೆಂಗಳೂರಿನವರು, ಹದಿನೆಂಟು ವರ್ಷ ಹೆರನ್ಸ್ ತಂಡದ ಕ್ಯಾಪ್ಟನ್. ಅವರ ಕಂಠ ಎಂಥದೆಂದರೆ, ಅವರು ಗುಟ್ಟು ಹೇಳಿದರೂ ಪಕ್ಕದ ಮನೆಯವರು ತಲೆದೂಗುತ್ತಿದ್ದರು.

“ನೋಡಮ್ಮ ಪ್ರತೀಕ್ಷಾ, ಆನಂದ ನನ್ನ ಪ್ರಾಣಸ್ನೇಹಿತ. ಆದ್ರೆ ಅವನ ಮುಂದೆ ನಿಂತು ಸುಳ್ಳು ಹೇಳಬಾರದು. ಅವನ ಹೊಡೆತದ ಸರಾಸರಿ ನೂರಕ್ಕೆ ಹತ್ತೊಂಬತ್ತು. ಹತ್ತೊಂಬತ್ತು! ನನ್ನದು ಮೂವತ್ತೊಂದು. ಸಮರ್ಥ ಬರೆದಿರೋದು ಸರಿಯಾಗಿದೆ. ಮರ್ಯಾದೆಯಾಗೇ ಬರೆದಿದಾನೆ.”

“ಸರಾಸರಿನ ತಗೊಂಡು ಏನು ಮಾಡ್ತೀರ ಅಂಕಲ್? ಅದು ಅರ್ಧ ಆಟಾನ ಎಣಿಸೋದೇ ಇಲ್ಲ!”

“ಅಯ್ಯೋ, ನೂರೈವತ್ತು ವರ್ಷದಿಂದ ಎಲ್ಲಾರೂ ಎಣಿಸಿರೋದು ತಪ್ಪು, ನಿನ್ನ ಲ್ಯಾಪ್‌ಟಾಪ್ ಒಂದು ಸರಿ ಅಲ್ವಾ?”

ಪ್ರತೀಕ್ಷಾ ಟ್ರೇಯನ್ನು ಎದುರಿಗಿದ್ದವರ ಕೈಗೆ ತುರುಕಿ, ಮೆಟ್ಟಿಲ ಮೇಲಿದ್ದ ತನ್ನ ಬ್ಯಾಗಿನಿಂದ ಲ್ಯಾಪ್‌ಟಾಪ್ ಎಳೆದಳು. ಇಪ್ಪತ್ತೊಂಬತ್ತು ವರ್ಷ, ಕ್ವೀನ್ಸ್‌ಬರಿಯಲ್ಲೊಂದು ಫ್ಲಾಟು, ಕಂಪನಿಯಲ್ಲಿ ದಿನವಿಡೀ ಅಂಕಿಅಂಶ ಜಾಲಾಡುವ ಕೆಲಸ. ಮೂರು ವರ್ಷದ ಹಿಂದೆ ತಂಡ ಸೇರಿದ್ದಳು. ಆ ಹೊತ್ತಿಗೆ ಆನಂದತೀರ್ಥರು ಆಡುವುದನ್ನು ಬಿಟ್ಟು, ಮಡಿಸುವ ಕುರ್ಚಿಯಲ್ಲಿ ಕೂತು ಸ್ಕೋರ್ ಬರೆಯುವವರಾಗಿದ್ದರು. ಈ ಚಳಿಗಾಲ ಅವರು ಹಾಸಿಗೆ ಹಿಡಿದಾಗ ಶನಿವಾರ ಶನಿವಾರ ಬಂದು, ಅವರ ಮಂಚದ ಪಕ್ಕ ಕೂತೇ, ತಂಡದ ಹಳೆಯ ಸ್ಕೋರ್‌ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು ಇವಳೇ.

ಭಾರ್ಗವಾಚಾರ್ಯರು ಗಡಿಯಾರ ನೋಡಿದರು. ಅವರೂ ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವರೇ. ಇವತ್ತು ರಜೆ ಹಾಕಿ ಬಂದಿದ್ದರು. “ಅಮ್ಮಾವ್ರೇ, ಮುಂದುವರಿಸಲಾ?”

“ಎರಡು ನಿಮಿಷ ಇರಿ ಆಚಾರ್ರೇ” ಎಂದು ವೈದೇಹಿ ಕುರ್ಚಿಯನ್ನು ಪೆಟ್ಟಿಗೆಯ ಕಡೆಯಿಂದ ಜನರ ಕಡೆಗೆ ತಿರುಗಿಸಿಕೊಂಡರು. ಒಂಬತ್ತು ದಿನದಿಂದ ಕಲ್ಲಿನಂತೆ ಕೂತಿದ್ದ ಹೆಂಗಸಿನ ಮೈಯಲ್ಲಿ ಏನೋ ಸಂಚಾರವಾಗಿತ್ತು. “ನಂಗೆ ಬೇಸ್‌ಬಾಲ್ ಗೊತ್ತಿಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದೀನಿ, ಈ ಮನುಷ್ಯ ಭಾನುವಾರ ಹೋಗಿ ಏನು ಮಾಡ್ತಿದ್ರು ಅಂತ ಗೊತ್ತಿಲ್ಲ. ಕಾರು ಬರೋದ್ರೊಳಗೆ ನಂಗೆ ಒಂದೇ ಒಂದು ಹೇಳಿ. ಇವರು ಒಳ್ಳೆ ಆಟಗಾರ ಹೌದೋ ಅಲ್ವೋ? ಅಲ್ಲಿ ಎಲ್ಲಾರ ಮುಂದೆ ಹೇಳೋ ಮಾತು ನಿಜ ಇರಬೇಕು. ಆಮೇಲೆ ತಿದ್ದಕ್ಕೆ ಇವರು ಸಿಗಲ್ಲ.”

\*

ಅದು ಶುರುವಾಗಿದ್ದು ಕೌನ್ಸಿಲಿನವರ ಒಂದು ಎಡವಟ್ಟಿನಿಂದ. ತೊಂಬತ್ತೊಂದರ ಬೇಸಿಗೆಯ ಒಂದು ಭಾನುವಾರ, ಗ್ರೀನ್‌ಫರ್ಡಿನ ಒಂದೇ ಮೈದಾನವನ್ನು ಕನ್ನಡಿಗರ ಕ್ರಿಕೆಟ್ ತಂಡಕ್ಕೂ ಬೇಸ್‌ಬಾಲಿನವರಿಗೂ ಒಟ್ಟಿಗೇ ಕೊಟ್ಟಿದ್ದರು. ಕ್ರಿಕೆಟಿನವರಲ್ಲಿ ಹೇಳಿದ ಹೊತ್ತಿಗೆ ಬಂದವರು ಇಬ್ಬರೇ: ಶೇಷಾದ್ರಿ ಮತ್ತು ಆನಂದತೀರ್ಥ. ಬೇಸ್‌ಬಾಲಿನವರಿಗೆ ಸರಿಯಾಗಿ ಇಬ್ಬರು ಕಡಿಮೆಯಿದ್ದರು. ಜಗಳ ಆಡುವ ಬದಲು ಆಡೋಣ ಎಂದಾಯಿತು.

ಶೇಷಾದ್ರಿ ಮೊದಲ ಬಾಲಿಗೇ ಬೀಸಿ ಮೈದಾನದಾಚೆ ಕಳಿಸಿದರು. ಎಲ್ಲರೂ ಹೋ ಎಂದರು. ಆನಂದತೀರ್ಥರು ಹೋದರು, ಬ್ಯಾಟ್ ಹೆಗಲಿಗಿಟ್ಟರು, ನಿಂತರು. ಆ ಆಟದಲ್ಲಿ ಬ್ಯಾಟ್ ಹಿಡಿದವನ ಮೊಣಕಾಲಿಂದ ಎದೆಯವರೆಗೆ ಕಣ್ಣಿಗೆ ಕಾಣದ ಒಂದು ಕಿಟಕಿ ಇರುತ್ತದೆ. ಎಸೆದ ಬಾಲು ಕಿಟಕಿಯೊಳಗೆ ಬಂದರೆ ಹೊಡೆಯಬೇಕು; ಅದನ್ನು ಬಿಟ್ಟರೂ, ಯಾವುದಕ್ಕೇ ಬೀಸಿ ತಪ್ಪಿದರೂ ಒಂದು ತಪ್ಪು, ಮೂರು ತಪ್ಪಿಗೆ ಔಟು. ಹೊರಗೆ ಹೋದರೆ ಬಿಡಬಹುದು. ನಾಲ್ಕು ಕೆಟ್ಟ ಬಾಲು ಬಿಟ್ಟವನಿಗೆ ಮೊದಲನೆಯ ಬೇಸು ಪುಕ್ಕಟೆ. ಹೀಗೆ ಮೂರು ಬೇಸು ಮುಟ್ಟಿ ಹೊರಟಲ್ಲಿಗೇ ವಾಪಸು ಬಂದರೆ, ಆ ಆಟದ ಮಾತಿನಲ್ಲಿ ‘ಮನೆ’ಗೆ ಬಂದರೆ, ಒಂದು ರನ್ನು. ಆದರೆ ಭಾನುವಾರದ ಆಟಗಾರರಿಗೆ ಬಿಡುವ ತಾಳ್ಮೆ ಎಲ್ಲಿರುತ್ತದೆ? ವಾರವೆಲ್ಲ ಬಾಸ್‌ಗೆ ಕೊಡಲಾಗದ ಏಟನ್ನು ಬಾಲಿಗೆ ಕೊಡಲು ಬಂದಿರುತ್ತಾರೆ. ಧಾರವಾಡದ ಕಾಲೇಜಿನಲ್ಲಿ ಕ್ರಿಕೆಟ್ಟಿನ ಇನ್ನಿಂಗ್ಸ್ ಆರಂಭಿಸುತ್ತಿದ್ದ ಆನಂದತೀರ್ಥರಿಗೆ ಅಲ್ಲಿನ ಗುರುಗಳು ಮೂರು ತಿಂಗಳು ಕಲಿಸಿದ್ದೇ ಬಿಡುವುದನ್ನು. ಅವರು ಬಿಟ್ಟರು. ನಾಲ್ಕು ಬಿಟ್ಟು, ಬ್ಯಾಟ್ ಮೆಲ್ಲಗೆ ಕೆಳಗಿಟ್ಟು, ಮೊದಲನೆಯ ಬೇಸಿಗೆ ಹೋಗಿ ನಿಂತರು. ಎದುರು ತಂಡದವರು ನಕ್ಕರು, ಇವರೂ ನಕ್ಕರು.

ಅಂದಿನಿಂದ ವೈದೇಹಿಯ ಭಾನುವಾರದ ಸಂಜೆ ಹೀಗಿತ್ತು.

“ಏನು ಹೊಡೆದ್ರಿ ಇವತ್ತು?”

“ಏನಿಲ್ಲ. ಬಾಲ್ ಛಲೋ ಬರ್ಲಿಲ್ಲ, ಬಿಟ್ಟೆ.”

ವಾರ ವಾರವೂ ಅದೇ ಉತ್ತರ. ಸುತ್ತಮುತ್ತ ಡಾಕ್ಟರುಗಳ ಮನೆಗಳು, ಡಾಕ್ಟರುಗಳ ಹೆಂಡತಿಯರು. ಅವರ ನಡುವೆ ತನ್ನ ಗಂಡ ಎಕ್ಸ್‌ರೇ ತೆಗೆಯುವವನು. ಅದೇನೂ ವೈದೇಹಿಗೆ ಬೇಸರದ ವಿಷಯವಲ್ಲ. ಆದರೆ ಕೆಲಸದಲ್ಲಿ ದಿನಕ್ಕೆ ನಲವತ್ತು ಸಲ “ಅಲುಗಾಡಬೇಡಿ, ಉಸಿರು ಹಿಡೀರಿ” ಎನ್ನುವ ಮನುಷ್ಯ ಆಟಕ್ಕೆ ಹೋಗಿಯೂ ಅಲುಗಾಡದೆ ನಿಂತು ಬರುತ್ತಾನೆಂದರೆ ಮೈ ಉರಿಯುತ್ತಿತ್ತು. ಶೇಷಾದ್ರಿ ಊಟಕ್ಕೆ ಬಂದಾಗಲೆಲ್ಲ, “ವೈದೇಹಿಯವರೇ, ನಿಮ್ಮ ಯಜಮಾನ್ರು ಇವತ್ತು ಅದ್ಭುತವಾಗಿ ನಿಂತ್ಕೊಂಡ್ರು” ಎಂದು ನಗಿಸುತ್ತಿದ್ದರು. ವೈದೇಹಿ ನಕ್ಕು ಅನ್ನ ಬಡಿಸುತ್ತಿದ್ದರು.

\*

“ನೂರು ಸಲ ಅಂದ್ಕೊಳ್ಳಿ ಆಂಟಿ.” ಪ್ರತೀಕ್ಷಾ ಲ್ಯಾಪ್‌ಟಾಪನ್ನು ಟಿವಿಯ ಮೇಜಿನ ಮೇಲಿಟ್ಟು, ಅದನ್ನು ನೋಡದೆಯೇ ಬೆರಳಲ್ಲಿ ಎಣಿಸತೊಡಗಿದಳು. “ಅಂಕಲ್ ನೂರು ಸಲ ಬ್ಯಾಟ್ ಹಿಡಿದು ಹೋದ್ರು. ಅದರಲ್ಲಿ ಮೂವತ್ತು ಸಲ ನಾಲ್ಕು ಕೆಟ್ಟ ಬಾಲ್ ಬಿಟ್ಟು ಬೇಸ್ ತಗೊಂಡ್ರು. ಶೇಷಾದ್ರಿ ಅಂಕಲ್ ಹೇಳೋ ಸರಾಸರಿ ಇದೆಯಲ್ಲ, ಅದರಲ್ಲಿ ಈ ಮೂವತ್ತು ಇಲ್ಲವೇ ಇಲ್ಲ. ಅಂಕಲ್ ಅವತ್ತು ಮನೇಲಿದ್ರು ಅನ್ನೋ ಹಾಗೆ! ಉಳಿದ ಎಪ್ಪತ್ತರಲ್ಲಿ ಹದಿಮೂರು ಹೊಡೆದ್ರು. ಅದಕ್ಕೇ ನೂರಕ್ಕೆ ಹತ್ತೊಂಬತ್ತು. ಆದ್ರೆ ಬೇಸ್ ಮುಟ್ಟಿದ್ದು ಎಷ್ಟು ಸಲ? ಮೂವತ್ತು, ಹದಿಮೂರು, ಒಟ್ಟು ನಲವತ್ತಮೂರು. ಕ್ಯಾಪ್ಟನ್ ಸಾಹೇಬ್ರು ಮುಟ್ಟಿದ್ದು ಮೂವತ್ತಾರು.”

“ಮೂವತ್ತಾರಾ?” ಶೇಷಾದ್ರಿಯ ಕೈಕಟ್ಟು ಸಡಿಲವಾಯಿತು. “ಯಾರು ಹೇಳಿದ್ದು?”

“ಪುಸ್ತಕ ಹೇಳುತ್ತೆ.”

“ಸರಿ, ಇರಲಿ! ನಾನು ಹೊಡೆದ್ರೆ ಬಾಲ್ ಬೇಲಿ ದಾಟಿ ಹೋಗ್ತಿತ್ತು. ಒಂದೇ ಏಟಿಗೆ ಮೂವರು ಮನೆಗೆ ಬರ್ತಿದ್ರು. ಅವನು ತಗೊಂಡ ಪುಕ್ಕಟೆ ಬೇಸು, ನನ್ನ ಹೋಮ್ ರನ್ನು, ನಿನ್ನ ಲೆಕ್ಕದಲ್ಲಿ ಎರಡೂ ಒಂದೇ. ಇದು ಯಾವ ನ್ಯಾಯ?”

“ಅದು ಒಳ್ಳೆ ಪ್ರಶ್ನೆ” ಎಂದರು ಭಾರ್ಗವಾಚಾರ್ಯರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ನಾಲಿಗೆ ಕಚ್ಚಿಕೊಂಡು ದರ್ಭೆ ಸರಿಪಡಿಸಿದರು.

“ಒಪ್ಪಿದೆ. ಆ ಲೆಕ್ಕದಲ್ಲಿ ನೀವು ದೊಡ್ಡವರು” ಎಂದಳು ಪ್ರತೀಕ್ಷಾ. “ಆದ್ರೆ ನೀವು ಹೊಡೆದಾಗ ಮನೆಗೆ ಬಂದ ಆ ಮೂವರಲ್ಲಿ ಒಬ್ಬರು ಯಾರು ಅಂತ ನೋಡಿದೀರಾ? ನಿಮಗಿಂತ ಮುಂಚೆ ಬ್ಯಾಟ್ ಮಾಡಿ, ಬೇಸ್ ಮೇಲೆ ನಿಂತಿರ್ತಿದ್ದೋರು ಯಾರು? ಒಬ್ಬರು ಅಲ್ಲಿ ನಿಂತಿದ್ರೆ ತಾನೇ ನೀವು ಮನೆಗೆ ಕರ್ಕೊಂಡು ಬರೋಕಾಗೋದು?”

“ಬೌಲರ್ ತಪ್ಪು ಮಾಡಿದ್ದಕ್ಕೆ ಇವನಿಗೆ ಯಾಕಮ್ಮ ಕ್ರೆಡಿಟ್ಟು?”

“ಅದೇ ಬೌಲರ್ ನಿಮಗೂ ಎಸೆದ. ನೀವು ನೂರರಲ್ಲಿ ಏಳು ಸಲ ಬಿಟ್ಟು ಬೇಸ್ ತಗೊಂಡ್ರಿ. ಇವರು ಮೂವತ್ತು ಸಲ. ತಪ್ಪು ಬೌಲರ್‌ದಾದ್ರೆ ಇಬ್ಬರಿಗೂ ಒಂದೇ ಇರಬೇಕಿತ್ತಲ್ಲ?”

ವೈದೇಹಿಗೆ ಹುಡುಗಿ ಹೇಳಿದ್ದು ಪೂರ್ತಿ ಅರ್ಥವಾಗಿತ್ತು! ಕುರ್ಚಿಯ ಅಂಚಿಗೆ ಸರಿದು, “ಹೌದಲ್ಲ ಡಾಕ್ಟ್ರೇ, ಅದಕ್ಕೆ ಉತ್ತರ ಹೇಳಿ” ಎಂದುಬಿಟ್ಟರು. ಅವರ ದನಿ ಎಷ್ಟು ಹುರುಪಿನಲ್ಲಿತ್ತೆಂದರೆ ಸಮರ್ಥ ಗಾಬರಿಯಿಂದ ಅಮ್ಮನ ಹೆಗಲ ಮೇಲೆ ಕೈಯಿಟ್ಟ. ವೈದೇಹಿ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು.

ಹಿತ್ತಲ ಬಾಗಿಲಲ್ಲಿ ಹೆರನ್ಸ್ ತಂಡದ ನಾಲ್ಕೈದು ಇಂಗ್ಲಿಷರು ಕಪ್ಪು ಕೋಟು ಹಾಕಿ ಇಣುಕುತ್ತಿದ್ದರು. ಭಾಷೆ ತಿಳಿಯದಿದ್ದರೂ ಯಾವ ಜಗಳ ನಡೆದಿದೆಯೆಂದು ಅವರಿಗೆ ಗೊತ್ತಾಗಿತ್ತು. ಒಬ್ಬ ಪ್ರತೀಕ್ಷಾಗೆ ಹೆಬ್ಬೆರಳು ತೋರಿಸಿದ, ಇನ್ನೊಬ್ಬ ಅವನ ಹೆಬ್ಬೆರಳನ್ನು ಹಿಡಿದು ಕೆಳಗಿಳಿಸಿದ.

“ಇನ್ನೂ ಒಂದಿದೆ” ಎಂದಳು ಪ್ರತೀಕ್ಷಾ. ಈ ಸಲ ದನಿ ಸಣ್ಣದಾಯಿತು. “ಎರಡು ಸಾವಿರದ ಮೂರರ ಫೈನಲ್. ನೀವು ಅಂಕಲ್‌ನ ತಂಡದಿಂದ ಬಿಟ್ರಿ. ಅವರ ಜಾಗದಲ್ಲಿ ಆಡಿದವನು ಐದು ಸಲ ಹೋದ, ಐದು ಸಲಾನೂ ಔಟು. ನಾವು ಒಂದು ರನ್ನಲ್ಲಿ ಸೋತ್ವಿ.”

ಶೇಷಾದ್ರಿ ಕಿಟಕಿಯ ಕಡೆ ತಿರುಗಿ ರಸ್ತೆ ನೋಡಿದರು. ಆಮೇಲೆ ಪೆಟ್ಟಿಗೆಯ ಕಡೆ ಬಂದು, ಸ್ನೇಹಿತನ ಮುಖವನ್ನು ತುಸು ಹೊತ್ತು ನೋಡಿ, ಯಾರೂ ಎಂದೂ ಕೇಳದಷ್ಟು ಮೆಲ್ಲಗೆ ಮಾತಾಡಿದರು.

“ಅವತ್ತು ರಾತ್ರಿ ಲಿಸ್ಟ್ ಬರೆಯೋವಾಗ ಸರಾಸರಿ ನೋಡ್ದೆ. ಇವನ ಹೆಸರು ಎಲ್ಲಾರಿಗಿಂತ ಕೆಳಗಿತ್ತು. ಹೊಡೆದುಹಾಕ್ದೆ. ಬೆಳಿಗ್ಗೆ ಹೇಳಿದ್ದಕ್ಕೆ ‘ಆತು ಬಿಡ್ರಿ ಸಾರ್’ ಅಂದು ಎಲ್ಲಾರಿಗೂ ನೀರಿನ ಬಾಟ್ಲಿ ಹಂಚಿದ.” ಅವರು ಮೂಗೊರೆಸಿಕೊಂಡರು. “ವೈದೇಹಿಯವರೇ, ನನಗಿಂತ ಜಾಸ್ತಿ ಸಲ ಬೇಸ್ ಮುಟ್ಟಿದಾನೆ, ಒಪ್ಪಿದೆ. ಒಳ್ಳೆ ಆಟಗಾರ, ಅದೂ ಒಪ್ಪಿದೆ. ನನಗಿಂತ ಒಳ್ಳೆಯವನು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ, ಕ್ಷಮಿಸಿ.”

ಕೋಣೆಯೆಲ್ಲ ಗೊಳ್ಳೆಂದಿತು. ಭಾರ್ಗವಾಚಾರ್ಯರೂ ನಕ್ಕರು. ಸತ್ತ ಮನೆಯಲ್ಲಿ ಇಷ್ಟು ಜೋರಾಗಿ ನಗಬಾರದೆಂದು ಯಾರಿಗೂ ನೆನಪಾಗಲಿಲ್ಲ. ವೈದೇಹಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಗಂಡನ ಕಿವಿಯಲ್ಲಿ, “ಕೇಳಿಸ್ತಾ? ಒಪ್ಪಿದ್ರು!” ಎಂದರು. ಇಪ್ಪತ್ತೆರಡು ವರ್ಷದ ಭಾನುವಾರಗಳು ಒಮ್ಮೆಲೇ ಕೈಗೆ ಬಂದ ಹಾಗಿತ್ತು.

ಸಮರ್ಥ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದ. “ಓಕೆ, ನಂಬರ್ಸ್ ಹೇಳು. ಬರ್ಕೋತೀನಿ.”

“ಇದರಲ್ಲಿ ಒಂದು ದಿನದ ಲೆಕ್ಕ ತೆಗೆದುಬಿಡೋಣ” ಎಂದಳು ಪ್ರತೀಕ್ಷಾ, ಪರದೆಯ ಮೇಲೆ ಬೆರಳಿಟ್ಟು. “ಅದು ಬರೆಯೋರ ತಪ್ಪು ಅನ್ಸುತ್ತೆ. ಅಂಕಲ್ ಔಟಾಗಿರೋದು ಬಹುಪಾಲು ನಿಂತೇ. ಬಾಲ್ ಕಿಟಕಿಯೊಳಗೆ ಬಂತು, ಬಿಟ್ರು, ಔಟ್. ಬೀಸಿ ತಪ್ಪಿಸಿಕೊಂಡು ಔಟಾಗಿದ್ದು ವರ್ಷಕ್ಕೆ ಒಂದೋ ಎರಡೋ. ಆದ್ರೆ ಇದೊಂದು ದಿನ ನೋಡಿ. ನಾಲ್ಕು ಸಲ ಹೋಗಿದಾರೆ. ಹನ್ನೆರಡು ಎಸೆತ, ಹನ್ನೆರಡಕ್ಕೂ ಬೀಸಿದಾರೆ. ಒಂದೂ ತಾಗಿಲ್ಲ. ಇದು ಅಂಕಲ್ ಅಲ್ಲವೇ ಅಲ್ಲ, ಅವರ ಹೆಸರಲ್ಲಿ ಬೇರೆ ಯಾರೋ ಆಡಿರಬೇಕು.”

“ಯಾವತ್ತು?” ಎಂದರು ವೈದೇಹಿ.

“ಎರಡು ಸಾವಿರದ ನಾಲ್ಕು, ಜೂನ್ ಇಪ್ಪತ್ತು.”

\*

ಫೈನಲ್ಲಿನಿಂದ ಕೈಬಿಟ್ಟ ಸಂಜೆ ಆನಂದತೀರ್ಥರು ಮನೆಗೆ ಬಂದು ಎಂದಿನಂತೆ ಶೂ ಒರೆಸಿಟ್ಟಿದ್ದರು. ವಿಷಯ ವೈದೇಹಿಗೆ ತಿಳಿದಿದ್ದು ಮೂರು ದಿನದ ಮೇಲೆ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಪ್ರಸಾದ ಹಂಚುತ್ತಿದ್ದವರ ಬಾಯಿಂದ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂಗಾಡಿದ್ದರು.

“ಒಂದು ಸಲನಾದ್ರೂ ಬೀಸಬಾರ್ದಾ ನೀವು? ಗರುಡಗಂಬದ ಹಾಗೆ ನಿಂತು ಬರಕ್ಕೆ ಇಡೀ ಭಾನುವಾರ ಬೇಕಾ? ಜನ ನಗ್ತಾರೆ. ನಂಗೆ ನಾಚಿಕೆ ಆಗುತ್ತೆ.”

ಆನಂದತೀರ್ಥರು ಹೆಂಡತಿಯನ್ನು ನೋಡಿ, “ಆತು” ಎಂದಷ್ಟೇ ಹೇಳಿದ್ದರು.

ಮುಂದಿನ ಜೂನಿನಲ್ಲಿ ಒಂದು ಬೆಳಿಗ್ಗೆ, ತಲೆ ಬಾಚುತ್ತಾ, “ಇವತ್ತ ಬರ್ತೀ ಏನು, ನೋಡಾಕ?” ಎಂದರು. ಹದಿಮೂರು ವರ್ಷದಲ್ಲಿ ಅವರು ಕರೆದಿದ್ದು ಅದೇ ಮೊದಲು. ವೈದೇಹಿ ಚಿತ್ರಾನ್ನ ಕಟ್ಟಿಕೊಂಡು, ಒಳ್ಳೆಯ ಸೀರೆಯುಟ್ಟು, ಬೇಲಿಯ ಹತ್ತಿರ ಕೂತರು. ಗಂಡ ಬ್ಯಾಟ್ ಹಿಡಿದು ಬಂದವರು ಒಮ್ಮೆ ಇವರ ಕಡೆ ನೋಡಿದರು. ಬಾಲು ಬಂತು. ಬೀಸಿದರು! ತಲೆಯ ಮೇಲೆ ಹೋಗುತ್ತಿದ್ದದ್ದಕ್ಕೂ ಬೀಸಿದರು, ಕಾಲ ಬುಡಕ್ಕೆ ಬಿದ್ದದ್ದಕ್ಕೂ ಬೀಸಿದರು. ಮೂರನೆಯದಕ್ಕೆ ಬೀಸಿದ ರಭಸಕ್ಕೆ ತಾವೇ ಒಂದು ಸುತ್ತು ತಿರುಗಿ ಟೋಪಿ ಬೀಳಿಸಿಕೊಂಡರು. ಔಟು. ನಾಲ್ಕು ಸಲ ಹೋದರು, ನಾಲ್ಕು ಸಲವೂ ಅದೇ ಕತೆ. ಬೇಲಿಯಾಚೆಯ ಮಕ್ಕಳು ಹೊಟ್ಟೆ ಹಿಡಿದು ನಕ್ಕರು.

ವಾಪಸು ಬರುವಾಗ ಕಾರಿನಲ್ಲಿ, ಏನೋ ಗೆದ್ದು ಬಂದವರ ಹಾಗೆ ಕೇಳಿದ್ದರು: “ಹ್ಯಾಂಗಿತ್ತು?”

“ಹೇಗೇನು? ನಾಲ್ಕು ಸಲ ಔಟಾದ್ರಿ.”

“ಬೀಸಿದ್ನಲ್ಲ!”

ವೈದೇಹಿ ಮತ್ತೆ ಆ ಮೈದಾನಕ್ಕೆ ಹೋಗಲಿಲ್ಲ. ತನ್ನ ಗಂಡ ಪ್ರತಿ ವಾರ ಆಡುವುದೇ ಹೀಗೆ, ಸಂಜೆ ಬಂದು “ಬಿಟ್ಟೆ” ಎನ್ನುವುದು ಮರ್ಯಾದೆ ಉಳಿಸಿಕೊಳ್ಳಲು, ಶೇಷಾದ್ರಿಯ “ನಿಂತ್ಕೊಂಡ್ರು” ಬರೀ ತಮಾಷೆಗೆ ಎಂದುಕೊಂಡರು. ಆಮೇಲಿನ ಇಪ್ಪತ್ತು ವರ್ಷ ಯಾರ ಮನೆಯ ಊಟವಿರಲಿ, ಯುಗಾದಿಯ ಕೂಟವಿರಲಿ, ಆ ಹನ್ನೆರಡು ಬೀಸಿನ ಕತೆಯನ್ನು ಕೈಬೀಸಿ ಹೇಳಿ ಜನರನ್ನು ಬಿದ್ದು ಬಿದ್ದು ನಗಿಸಿದರು. ಆನಂದತೀರ್ಥರು ಪಕ್ಕದಲ್ಲೇ ಕೂತು, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

\*

“ಬೇರೆ ಯಾರೂ ಅಲ್ಲ. ಅವನೇ” ಎಂದರು ಶೇಷಾದ್ರಿ. “ನನಗೆ ಚೆನ್ನಾಗಿ ನೆನಪಿದೆ. ಎರಡನೇ ಸಲ ಔಟಾಗಿ ಬಂದಾಗ ರೇಗಿ ಬೈದೆ. ‘ಏನಾಗಿದೆ ನಿಂಗೆ, ಯಾವತ್ತೂ ಬಿಡೋನು ಇವತ್ತು ಕಸಕ್ಕೆಲ್ಲ ಬೀಸ್ತಿದೀಯಲ್ಲ’ ಅಂದೆ. ‘ಇವತ್ತ ಬಿಡೂದಿಲ್ರೀ ಸಾರ್, ಮನ್ಯಾಕಿ ಬಂದಾಳ. ನಾ ನಿಂತ್ರ ಆಕಿಗೆ ನಾಚಿಕಿ ಆಗ್ತದ’ ಅಂದ.”

ವೈದೇಹಿ ಒಂದು ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದುಕೊಂಡರು.

“ಇದನ್ನ ಇಪ್ಪತ್ತು ವರ್ಷ ನಂಗೆ ಯಾಕೆ ಹೇಳಲಿಲ್ಲ ನೀವು?”

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ನೀವೇ ಆ ಕತೆ ಹೇಳಿ ನಗ್ತಿದ್ರಲ್ಲ.”

ಅಳು ಬಂತು. ಒಂಬತ್ತು ದಿನದಿಂದ ಬಾರದಿದ್ದದ್ದು ಈಗ ಬಂತು. ಸಮರ್ಥ ಮೊಣಕಾಲೂರಿ ಅಮ್ಮನನ್ನು ತಬ್ಬಿಕೊಂಡ. ವೈದೇಹಿ ಅತ್ತರು, ಮಗನ ಕೋಟಿಗೇ ಕಣ್ಣೊರೆಸಿದರು, ಮತ್ತೆ ಅತ್ತರು. “ಇಪ್ಪತ್ತು ವರ್ಷ ನಾನು ಇವರನ್ನ ಆಡಿಕೊಂಡು ನಕ್ಕಿದೀನಿ ಕಣೋ. ನನಗೋಸ್ಕರ ಮಾಡಿದ್ದನ್ನ ನಾನೇ ಆಡಿಕೊಂಡೆ.”

ಪ್ರತೀಕ್ಷಾಳ ಮುಖ ಬಿಳಿಚಿಹೋಗಿತ್ತು. “ಸಾರಿ ಆಂಟಿ. ಆ ದಿನ ತೆಗೆದುಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ. ತೆಗೆದ್ರೆ ಅಂಕಲ್ ನಂಬರ್ ಒಂಚೂರು ಮೇಲೂ ಹೋಗುತ್ತೆ.”

“ಹೌದು ಹೌದು, ತೆಗೆದುಬಿಡು” ಎಂದರು ಶೇಷಾದ್ರಿ. ಇಡೀ ದಿನದಲ್ಲಿ ಅವರಿಬ್ಬರೂ ವಾದವಿಲ್ಲದೆ ಒಪ್ಪಿದ್ದು ಇದೊಂದೇ ಮಾತಿಗೆ.

ವೈದೇಹಿ ತಲೆಯೆತ್ತಿದರು. ಮೂಗು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ತೆಗೆದ್ರೆ ನೋಡಿ! ಸೇರಿಸೇ ಲೆಕ್ಕ ಹಾಕಿ. ಎಷ್ಟು ಕಮ್ಮಿ ಆದ್ರೂ ಆಗಲಿ. ಸಮರ್ಥ, ಅದನ್ನ ಬರ್ಕೋ. ತಾರೀಕು ಸಮೇತ ಬರ್ಕೋ.”

ಹೊರಗೆ ಕಪ್ಪು ಕಾರು ಬಂದು ನಿಂತಿತು. ಭಾರ್ಗವಾಚಾರ್ಯರು ಉಳಿದ ಮಂತ್ರಗಳನ್ನು ಎರಡರಷ್ಟು ವೇಗದಲ್ಲಿ ಹೇಳಿ ಮುಗಿಸಿದರು.

\*

ಕ್ರಿಮೆಟೋರಿಯಂನ ಹಾಲಿನಲ್ಲಿ ನಾಲ್ಕು ಬೆಂಚಿನಷ್ಟು ಕನ್ನಡಿಗರು, ಮೂರು ಬೆಂಚಿನಷ್ಟು ಹೆರನ್ಸ್, ಎರಡು ಬೆಂಚಿನಷ್ಟು ಎಕ್ಸ್‌ರೇ ವಿಭಾಗದವರು. ಸಮರ್ಥ ಮೈಕಿನ ಮುಂದೆ ನಿಂತು ಓದಿದ. ನೂರಕ್ಕೆ ಹತ್ತೊಂಬತ್ತು ಎಂದು ಹೇಳಿದ, ನಲವತ್ತಮೂರು ಎಂದೂ ಹೇಳಿದ, ಎರಡಕ್ಕೂ ಅರ್ಥವೇನೆಂದು ವಿವರಿಸಿದ. ಹೆರನ್ಸ್ ಬೆಂಚಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಬೆರಳಲ್ಲಿ ಲೆಕ್ಕ ಹಾಕುತ್ತಿದ್ದ. ಆನಂದತೀರ್ಥರಿಗಿಂತ ಹೆಚ್ಚು ಸಲ ಬೇಸು ಮುಟ್ಟಿದವರು ಆ ತಂಡದಲ್ಲಿ ಯಾರೂ ಇಲ್ಲ ಎಂದಾಗ ಯಾರೋ ಶಿಳ್ಳೆ ಹಾಕಿದರು, ಇಡೀ ಹಾಲು ಚಪ್ಪಾಳೆ ತಟ್ಟಿತು. ವೈದೇಹಿಯ ಮುಖ ಬಿಸಿಯೇರಿತು. ಮದುವೆಯ ದಿನವೂ ಅವರಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

“ಇನ್ನು ಒಂದೇ ಒಂದು ದಿನದ ಲೆಕ್ಕ” ಎಂದ ಸಮರ್ಥ. “ಎರಡು ಸಾವಿರದ ನಾಲ್ಕು, ಜೂನ್ ಇಪ್ಪತ್ತು. ಅವತ್ತು ಅಪ್ಪ ಒಂದು ಬಾಲನ್ನೂ ಬಿಡಲಿಲ್ಲ. ಹನ್ನೆರಡು ಎಸೆತಕ್ಕೂ ಬೀಸಿದರು. ಒಂದೂ ತಾಗಲಿಲ್ಲ. ಯಾಕೆಂದರೆ ಅವತ್ತು ನನ್ನ ಅಮ್ಮ...”

ಅಲ್ಲಿಗೆ ಅವನ ದನಿ ನಿಂತಿತು. ಹಾಲಿನ ಹಿಂದೆ ನಿಂತಿದ್ದ ಸಿಬ್ಬಂದಿ ಗಡಿಯಾರದ ಕಡೆ ಕಣ್ಣು ಹಾಯಿಸಿದ.

ವೈದೇಹಿ ಎದ್ದರು. ಕೈಚೀಲವನ್ನು ಪ್ರತೀಕ್ಷಾಳ ಮಡಿಲಿಗೆ ಹಾಕಿ ನೇರ ಪೆಟ್ಟಿಗೆಯ ಮುಂದಕ್ಕೆ ನಡೆದರು. ಮಗನ ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿದರು.

“ನಾನು ನೋಡಕ್ಕೆ ಹೋಗಿದ್ದೆ” ಎಂದರು ಕನ್ನಡದಲ್ಲೇ. “ಹೇಗೆ ಬೀಸಿದ್ರು ಅಂತ ತೋರಿಸ್ತೀನಿ. ಇಪ್ಪತ್ತು ವರ್ಷ ಎಲ್ಲಾ ಕಡೆ ತಪ್ಪಾಗಿ ತೋರಿಸಿದೀನಿ.”

ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರು. ಕಾಲು ಅಗಲಿಸಿ ನಿಂತರು. ಇಲ್ಲದ ಬ್ಯಾಟನ್ನು ಎರಡೂ ಕೈಯಲ್ಲಿ ಹಿಡಿದು ಹೆಗಲ ಮೇಲೆತ್ತಿದರು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಶೇಷಾದ್ರಿ ಎದ್ದು ಬಂದರು. ಬ್ಯಾಟ್ ಹಿಡಿದವರ ಬೆನ್ನ ಹಿಂದೆ ಬಾಲು ಹಿಡಿಯಲು ಒಬ್ಬ ಕೂರಬೇಕಲ್ಲ. ಪೆಟ್ಟಿಗೆಯ ಅಂಚು ಹಿಡಿದು, ಒಂದೊಂದೇ ಮಂಡಿಯನ್ನು ಲಟಲಟ ಅನ್ನಿಸುತ್ತ ಬಗ್ಗಿಸಿ, ಕಪ್ಪು ಸೂಟಿನಲ್ಲೇ ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈ ತೆರೆದು ಹಿಡಿದರು.

ವೈದೇಹಿ ಬೀಸಿದರು. ಸೊಂಟದಿಂದ ಸೆರಗು ಕಿತ್ತು ಬಂತು, ಕೈಯ ತುಂಬ ಇದ್ದ ಗಾಜಿನ ಬಳೆಗಳು ಒಟ್ಟಿಗೆ ಜಾರಿ ಮೊಣಕೈಗೆ ಬಡಿದವು. ಆ ರಭಸಕ್ಕೆ ಅವರು ಒಂದು ಪೂರ್ತಿ ಸುತ್ತು ತಿರುಗಿ, ತೂರಾಡಿ, ಕಾಲೂರಿ ನಿಂತು, ಏದುಸಿರು ಬಿಡುತ್ತ ಮತ್ತೆ ಕೈಯೆತ್ತಿದರು.